'ಬಿಸಿಲು ತಡೆಯಲ್ಲ' ಅಂದ್ರೆ ಯಾರು ಯಾರನ್ನ ತಡೆಯೋದು?

ಎಲ್ರಿಗೂ ನಮಸ್ಕಾರ. ಸಕಲೇಶಪುರದ ಹತ್ರ ಒಂದು ಸಣ್ಣ ಸಸ್ಯತೋಟ ಮಾಡ್ತಿದೀವಿ, ಬಿಸಿಲೆ ಘಾಟಿ ಕಡೆ ಮಳೆಕಾಡಿನ ಮರಗಳದ್ದೇ. ಯಾವ್ದನ್ನ ಎಲ್ಲಿ ನೆಡಬೇಕು ಅಂತ ಗೊತ್ತಾಗ್ಲಿ ಅಂತ ಜಾತಿಗೊಂದು ಕಾರ್ಡ್ ಬರೀತಿದೀನಿ, ಎಲೆ ದಪ್ಪವೋ ತೆಳುವೋ, ತುದಿ ಹೇಗಿದೆ, ಮರ ಗಟ್ಟಿಯೋ ಹಗುರವೋ, ಬೀಜ ಇಟ್ಟು ಬಿತ್ತಬಹುದೋ ಇಲ್ವೋ, ನೆರಳು ಬೇಕೋ ಬಿಸಿಲು ಬೇಕೋ, ಹಿಂಗೆ. ಕನ್ನಡದಲ್ಲೇ ಇರ್ಲಿ ಅಂತ ಹಠ ಹಿಡಿದೋನು ನಾನೇ, ಗುಂಡಿ ತೆಗೆದು ನೆಡೋರು ಓದಬೇಕಲ್ಲ. ಎಡವಟ್ಟಾಗಿದ್ದೂ ಅದ್ರಿಂದ್ಲೇ.

ಸಾಲುಧೂಪದ ಮರದ (ಬರೀ ಧೂಪ ಅಂತನೂ ಅಂತೀವಿ) ಕಾರ್ಡಲ್ಲಿ 'ಸಸಿ ಬಿಸಿಲು ತಡೆಯಲ್ಲ' ಅಂತ ಬರೆದೆ. ಮಳೆಗಾಲದಲ್ಲಿ ನೆಟ್ಟರು, ಶಿವರಾತ್ರಿ ಹೊತ್ತಿಗೆ ಹೋಗಿ ನೋಡ್ತೀನಿ, ಹದಿನಾಲ್ಕು ಸಸಿನೂ ಬಟಾಬಯಲಲ್ಲಿ, ಎಲೆ ಅಂಚೆಲ್ಲಾ ಕಂದುಬಣ್ಣಕ್ಕೆ ಸುಟ್ಟು ಮುಟ್ಟಿದ್ರೆ ಹಪ್ಪಳದ ಹಂಗೆ ಪುಡಿಯಾಗ್ತಿದೆ. ಯಾಕಣ್ಣಾ ಇಲ್ಲಿ ಹಾಕಿದ್ರಿ ಅಂದ್ರೆ ನಮ್ಮ ತೋಟದ ಅಣ್ಣ, 'ನೀವೇ ಬರ್ದಿದೀರಲ್ಲ ಸಾರ್, ಬಿಸ್ಲು ತಡಿಯಲ್ಲ ಅಂತ, ಹುಲ್ಲಿಗೆ ಬಿಸ್ಲು ಬೇಕಲ್ಲ, ಅದ್ಕೇ ಅಡ್ಡ ಬರಲ್ಲ ಅಂತ ಇಲ್ಲಿ ಹಾಕ್ದೆ' ಅಂದ್ರು! ಅವ್ರು ಓದಿದ್ದರಲ್ಲಿ ತಪ್ಪೇನಿದೆ ಹೇಳಿ.

ಕೂತು ಯೋಚನೆ ಮಾಡಿದ್ರೆ ಈ 'ತಡೆ' ಭಾರಿ ಚಾಲಾಕಿ ಪದ. ಗೊರಬು (ಮಳೇಲಿ ತಲೆ ಬೆನ್ನು ಮುಚ್ಕೊಳ್ಳೋ ಎಲೆ ಹೊದಿಕೆ) ಮಳೆ ತಡೆಯತ್ತೆ, ಎಮ್ಮೆನೂ ಮಳೆ ತಡೆಯತ್ತೆ, ಒಂದು ಅಡ್ಡ ನಿಲ್ಲೋದು, ಇನ್ನೊಂದು ಸಹಿಸ್ಕೊಳ್ಳೋದು. ನನಗನ್ಸಿದ್ದು, ವಸ್ತು ಆದ್ರೆ ಅಡ್ಡಗಟ್ಟತ್ತೆ, ಜೀವ ಆದ್ರೆ ಸಹಿಸತ್ತೆ ಅಂತ ನಾವು ಕೇಳ್ತಾನೇ ಲೆಕ್ಕ ಹಾಕ್ಕೊಂಡುಬಿಡ್ತೀವಿ. ಗಿಡ ಮಾತ್ರ ಎರಡೂ ಕಡೆ ಸಲ್ಲತ್ತೆ, ಅದಕ್ಕೂ ಬಿಸಿಲು ಬಡಿಯತ್ತೆ, ಅದೂ ನೆರಳು ಕೊಡತ್ತೆ. 'ತಡೆಯಕ್ಕಾಗಲ್ಲ' ಅಂತ ಬರೆದಿದ್ರೆ ಬಹುಶಃ ಬಚಾವಾಗ್ತಿದ್ದೆ. (ಮೂರನೇ ಅರ್ಥ 'ಸ್ವಲ್ಪ ತಡಿಯಪ್ಪ', ಕಾಯೋದು. ಕಾಡೊಳಗೆ ಧೂಪದ ಸಸಿ ಮಾಡೋದೂ ಅದನ್ನೇ, ದೊಡ್ಡ ಮರದಡಿ ಸುಮ್ನೆ ನಿಂತು ಮೇಲೆ ಜಾಗ ಬಿಡೋತನಕ ತಡೀತಾ ಇರತ್ತೆ.)

ಈಗ 'ತಡೆ'ಗೆ ಬದಲಿ ಪದ ಬೇಕು, ಬಿಸಿಲಿನ ಬದ್ಲು ನೆರಳಿನ ಕಡೆಯಿಂದ್ಲೇ ಹೇಳೋಣ ಅಂತ. 'ನೆರಳುಸಹಿಷ್ಣು' ಬೇಡ, ಅದು ಪಠ್ಯಪುಸ್ತಕದಿಂದ ಆಚೆ ಬಂದ್ರೆ ಬದುಕಲ್ಲ. 'ತಾಳು' ಇದೆ, 'ನೆರಳು ತಾಳತ್ತೆ'. 'ಒಗ್ಗು' ಇದೆ, 'ನೆರಳಿಗೆ ಒಗ್ಗತ್ತೆ'. ನನ್ನ ಕಿವಿಗೆ 'ಒಗ್ಗತ್ತೆ' ಅಂದ್ರೆ ಅಲ್ಲೇ ಹಾಯಾಗಿರತ್ತೆ ಅನ್ಸತ್ತೆ, ಕಾಫಿ ತೋಟದಲ್ಲಿ ಏಲಕ್ಕಿ ಇದ್ದ ಹಂಗೆ. ಧೂಪದ್ದು ಆ ಕತೆ ಅಲ್ಲ, ಚಿಕ್ಕದ್ರಲ್ಲಿ ನೆರಳು ತಾಳತ್ತೆ ಅಷ್ಟೇ, ಆಮೇಲೆ ಬೆಳಕು ಬೇಕೇ ಬೇಕು, ಅಂದ್ರೆ ಮೇಲಿನ ಮರಕ್ಕೆ ಮರಗಸಿ ಮಾಡಿ (ಕೊಂಬೆ ಸವರಿ) ಬೆಳಕು ಬಿಡಬೇಕು. ಉಪ್ಪಳಿಗೆ ಮರ ಇದಕ್ಕೆ ಪೂರಾ ಉಲ್ಟಾ, ಕಾಡು ಕಡಿದ ಜಾಗ, ರೋಡ್ ಅಂಚು ಸಿಕ್ಕಿದ್ರೆ ಮೊದಲು ಎದ್ದು ನಿಲ್ಲೋದು ಅದೇ, ನಡುವಿಗೇ ತೊಟ್ಟು ಅಂಟಿರೋ ಛತ್ರಿಯಂಥ ಎಲೆ, ಹಗುರ ಮರ. ಅದಕ್ಕೆ ನೆರಳು ಒಗ್ಗಲ್ಲ ಅಂದ್ರೂ ಸರಿ, ತಾಳಲ್ಲ ಅಂದ್ರೂ ಸರಿ! ಅಂದ್ರೆ 'ಇಲ್ಲ' ಅನ್ನೋವಾಗ ಎರಡೂ ಒಂದೇ, 'ಹೌದು' ಅನ್ನೋವಾಗ ಮಾತ್ರ ಬೇರೆ. ನಿಮ್ಮ ಕಿವಿಗೂ ಹಂಗೇ ಕೇಳ್ಸತ್ತಾ? ಮೂಡಿಗೆರೆ, ಕೊಪ್ಪದ ಕಡೆಯೋರು ತೋಟದಲ್ಲಿ ಏನಂತೀರಿ?

ಇನ್ನೊಂದು ಸಣ್ಣ ಪ್ರಶ್ನೆ. ಮಳೆನೀರು ಬೇಗ ಜಾರಿಹೋಗೋ ಹಂಗೆ ಎಲೆತುದಿ ಉದ್ದಕ್ಕೆ ಚೂಪಾಗಿರತ್ತಲ್ಲ, ಅದಕ್ಕೆ ನಾನು 'ಅರಳಿಬಾಲ' ಅಂತ ಬರ್ಕೊಂಡಿದೀನಿ, ಅರಳಿ ಎಲೆ ನೋಡದೋರು ಯಾರೂ ಇಲ್ಲ ಅಂತ. ಗೆಳೆಯರೊಬ್ರು 'ಸೋರುತುದಿ' ಅಂತಾರೆ, ನನಗೆ ಅದು ಮಾಡು ಸೋರಿದ ಹಂಗೆ ಕೇಳತ್ತೆ.

ಧೂಪದ ಬೀಜ ಒಣಗಿಸಿ ಇಡೋ ಹಂಗಿಲ್ಲ, ಬಿದ್ದಾಗ್ಲೇ ಆರಿಸಿ ಬಿತ್ತಬೇಕು. ಈ ಸಲ ಬೀಜ ಬೀಳೋದ್ರೊಳಗೆ ಕಾರ್ಡ್ ತಿದ್ದಬೇಕು, ಬೇಗ ಹೇಳಿ.