ಅಪ್‌ಡೇಟ್: ಹಳೇ ಮನೆಯ ಒದ್ದೆ ಗೋಡೆ, ಉಬ್ಬಿದ ನೆಲ

ನಾನು ಕೇಳಿದ್ದು ಇಷ್ಟು: ಹಿಂದಿನ ಕೋಣೆಯ ಗೋಡೆ ಬುಡದಲ್ಲಿ ಒದ್ದೆ, ಬಣ್ಣ ಪುಡಿಯಾಗಿ ಉದುರುತ್ತಿದೆ, ಲ್ಯಾಮಿನೇಟ್ ನೆಲ ಅಂಚಿನಲ್ಲಿ ಉಬ್ಬಿದೆ. ಒಳಗಿನಿಂದ ಇನ್ಸುಲೇಷನ್ (ಚಳಿ, ಸೆಕೆ ತಡೆಯುವ ಪದರ) ಹಾಕಿಸಲಾ? ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ ಅಂದಿರಿ. ನೋಡಿದೆ.

ಲ್ಯಾಮಿನೇಟ್ ಕಿತ್ತು, ಕಾಂಕ್ರೀಟ್ ಮೇಲೆ 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತಲೂ ಟೇಪ್ ಅಂಟಿಸಿದೆ. ಮರುದಿನ ಬಿಚ್ಚಿದರೆ ಹಾಳೆಯ ಅಡಿಯಲ್ಲಿ ಹನಿ, ಕಾಂಕ್ರೀಟ್ ಕಪ್ಪಗೆ. ಅಂದರೆ ತೇವ ಕೆಳಗಿನಿಂದಲೇ ಬರುತ್ತಿದೆ. ಹೊರಗೆ ಹೋಗಿ ನೋಡಿದರೆ ಮಣ್ಣು ಒಳಗಿನ ನೆಲಕ್ಕಿಂತ ಒಂದು ಗೇಣು ಎತ್ತರ! ಮಳೆನೀರಿನ ಪೈಪೂ ಅಲ್ಲೇ ಸುರಿಯುತ್ತಿತ್ತು. ಮಣ್ಣನ್ನು ಒಳಗಿನ ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿನವರೆಗೆ ತೆಗೆಸಿ, ಪೈಪನ್ನು ದೂರಕ್ಕೆ ತಿರುಗಿಸಿದ್ದಾಯಿತು.

ಬುಡದ ಸಿಮೆಂಟ್ ಪ್ಲಾಸ್ಟರ್ ಕೆರೆದಾಗ ಇಟ್ಟಿಗೆ ಮೇಲೆಲ್ಲ ಬಿಳಿ ಉಪ್ಪು. ಅದನ್ನು ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ ಮಾಡಿಸುತ್ತೇನೆ. ಅದರ ಮೂಲಕ ತೇವ ಆವಿಯಾಗಿ ಹೊರಗೆ ಹೋಗಬಲ್ಲದು. ವಾಟರ್‌ಪ್ರೂಫ್ ಬಣ್ಣ ಬಳಿಯಿರಿ ಅಂದವರಿಗೆ ಬೇಜಾರಾಗದಿರಲಿ, ಅದು ತೇವವನ್ನು ಮುಚ್ಚಿಡುತ್ತದೆ ಅಷ್ಟೇ. ಆಮೇಲೆ ತೇವ ಗೋಡೆಯಲ್ಲಿ ಇನ್ನೂ ಮೇಲಕ್ಕೆ ಹತ್ತುತ್ತದೆ.

ಇನ್ಸುಲೇಷನ್ ಸದ್ಯಕ್ಕೆ ಬೇಡ. ಒದ್ದೆ ಗೋಡೆಗೆ ಅದನ್ನು ಹಾಕಿದರೆ ಹಿಂದೆ ಬೂಸ್ಟು ಬರುವುದು ಖಂಡಿತ ಅಲ್ವಾ? ಗೋಡೆ ಒಣಗೋಕೆ ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನೋದು ಅಂದಾಜು ಲೆಕ್ಕ. ನಮ್ಮದು 23 ಸೆಂ.ಮೀ. ಗೋಡೆ, ಲೆಕ್ಕ ನೀವೇ ಹಾಕಿ. ಕಿಟಕಿ ತೆರೆದಿಟ್ಟಿದ್ದೇನೆ. ನೆಲಕ್ಕೆ ಹೊಸದಾಗಿ ಏನೇ ಹಾಕಿದರೂ ಅಡಿಯಲ್ಲಿ ತೇವ ತಡೆಯುವ ಹಾಳೆ ಇದ್ದೇ ಇರುತ್ತದೆ.