ಪ್ರಶ್ನೋತ್ತರ: ಓಟದ ಶೂ ನಾತ, ಎಷ್ಟ ತೊಳದ್ರೂ ಹೋಗವಲ್ತು

ಪ್ರಶ್ನೆ (ಧಾರವಾಡ): ನಮಸ್ಕಾರ್ರೀ. ಮಗ ಪೊಲೀಸ್ ಭರ್ತಿಗೆ 1600 ಮೀಟರ್ ಓಟದ ತಯಾರಿ ನಡಿಸ್ಯಾನ. ದಿನಾ ಮುಂಜಾನೆ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕ ಹೋಗತಾನ. ಮಳಿಗಾಲ ಸುರುವಾದಾಗಿಂದ ಶೂ ಗಬ್ಬು ನಾತ. ಎರಡ ಸಲ ಮಷೀನಿಗೆ ಹಾಕಿದ್ವಿ, ಪೌಡರ್ ಉದುರಿಸಿದ್ವಿ, ಸೆಂಟ್ ಹೊಡದ್ವಿ. ಮೂರನೇ ದಿನಕ್ಕ ಮತ್ತ ಅದ ವಾಸನಿ. ಏನ್ ಮಾಡ್ಬೇಕ್ರಿ?

ಉತ್ತರ (ಶೂ ರಿಪೇರಿ ಮತ್ತು ಸರ್ವಿಸ್, ಹುಬ್ಬಳ್ಳಿ): ಬರೇ ಬೆವರಿಗೆ ಅಷ್ಟು ನಾತ ಇರೂದಿಲ್ರಿ. ಎರಡೂ ಪಾದಕ್ಕ ಸೇರಿ ಸುಮಾರು 2.5 ಲಕ್ಷ ಬೆವರಿನ ಗ್ರಂಥಿ ಅದಾವು. ಚರ್ಮದ ಮ್ಯಾಲಿನ ಬ್ಯಾಕ್ಟೀರಿಯಾ ಆ ಬೆವರು, ಸತ್ತ ಚರ್ಮ ತಿಂದು ಐಸೋವಲೆರಿಕ್ ಆಸಿಡ್ ಬಿಡತಾವು. ಹಳೇ ಚೀಸಿನಂಥಾ ವಾಸನಿ ಅದರದು. ಅವು ಬೆಳಿಯಾಕ ಹಸಿ ಇರೋ ಬೆಚ್ಚಗಿನ ಜಾಗ ಸಾಕು. ನಿಮ್ಮ ಧಾರವಾಡದ ಜಿಟಿಜಿಟಿ ಮಳ್ಯಾಗ ಇವತ್ತ ತೊಯ್ದ ಶೂ ನಾಳೆ ಮುಂಜಾನಿಗೆ ಒಣಗೂದಿಲ್ಲ. ಮಷೀನ್ಯಾಗ ಹಾಕಿದ್ರ ಶೂದ ಹಿಮ್ಮಡಿ ಮತ್ತ ನಾಲಿಗಿ (ಲೇಸಿನ ಕೆಳಗಿನ ಪಟ್ಟಿ) ಒಳಗಿನ ಸ್ಪಂಜು ನೀರು ಕುಡದು ಇನ್ನೂ ತಡಾ ಆಗತೈತಿ, ಅಂಟೂ ಬಿಡತೈತಿ.

ನಾತದ ಗೂಡು ಇನ್‌ಸೋಲ್, ಅಂದ್ರ ಶೂ ಒಳಗ ಅಂಗಾಲಿನ ಕೆಳಗ ಇರೋ ಮೆತ್ತನ ಪದರ. ಹಿಮ್ಮಡಿ ಕಡೆಯಿಂದ ಮೆಲ್ಲಕ ಎತ್ತಿ ಹೊರಗ ತಗೀರಿ, ಲೇಸೂ ಬಿಚ್ಚರಿ. ಇನ್‌ಸೋಲ್ ತಿರುವಿ ನೋಡ್ರಿ: ಬೆರಳಿನ ಗುರುತಿದ್ದಲ್ಲೆ ಕರ್ರಗ ಜಿಗಟು ಕೂತಿರತೈತಿ. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಕೂಡಿಸಿ 20-30 ನಿಮಿಷ ನೆನಸ್ರಿ. ಆಮೇಲೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಿನ ಪುಡಿ, ಹಳೇ ಹಲ್ಲಿನ ಬ್ರಷ್ ಹಿಡದು ತಿಕ್ಕರಿ. ಸೋಪು ಪೂರ್ತಿ ಹೋಗೂತನಕ ಜಾಲಸ್ರಿ. ವಿನೆಗರ್ ಇದ್ದಲ್ಲೆ ಬ್ಲೀಚಿಂಗ್ ಹಾಕಬ್ಯಾಡ್ರಿ, ವಿಷದ ಕ್ಲೋರಿನ್ ಗಾಳಿ ಏಳತೈತಿ. ಶೂ ಒಳಗ ಒದ್ದಿ ಅರಿವ್ಯಾಗಿಂದ ಒರಸಿದ್ರ ಸಾಕು.

ಒಣಗಸೂದ ಖರೇ ಕೆಲಸ. ಹಳೇ ಪೇಪರ್ ಉಂಡಿ ಮಾಡಿ ತುದಿತನಕ ತುರುಕ್ರಿ. ಒಂದ ತಾಸಿಗೆ ತಗದು ಹೊಸಾದು ಹಾಕ್ರಿ, ಮತ್ತ ಮೂರ-ನಾಕ ತಾಸಿಗೊಮ್ಮೆ ಬದಲಸ್ರಿ. ಒಳಗ ಬಿಳಿ ಅರಿವಿ ಇದ್ರ ಮುದ್ರಣದ ಮಸಿ ಹತ್ತತೈತಿ, ಖಾಲಿ ಹಾಳಿ ಬಳಸ್ರಿ. ಫ್ಯಾನಿನ ಕೆಳಗ ಇಡ್ರಿ. ತುದ್ಯಾಗ ಒಣ ಟಿಶ್ಯೂ ಒತ್ತಿ ತಗದು ನೋಡ್ರಿ, ತಂಪು ಹತ್ತಿದ್ರ ಇನ್ನೂ ಒಣಗಿಲ್ಲ.

ಪೂರ್ತಿ ಒಣಗಿದ ಮ್ಯಾಲೆ ಒಂದೊಂದು ಶೂಕ್ಕ ಒಂದರಿಂದ ಎರಡು ದೊಡ್ಡ ಚಮಚ ಅಡುಗಿ ಸೋಡಾ ಹಾಕಿ ರಾತ್ರಿ ಬಿಡ್ರಿ, ಮುಂಜಾನೆ ಬಡದು ತಗೀರಿ. ಸೋಡಾ ಆ ಆಸಿಡ್ಡನ್ನ ಉಪ್ಪು ಮಾಡಿಬಿಡತೈತಿ, ವಾಸನಿ ಗಾಳಿಗೆ ಏಳೂದಿಲ್ಲ. ಹಸಿ ಇದ್ದಾಗ ಹಾಕಿದ್ರ ಮುದ್ದೆ ಆಗಿ ಕೂಡತೈತಿ. ವಿನೆಗರ್, ಸೋಡಾ ಎರಡೂ ಕೂಡಿಸಿ ಹಾಕಬ್ಯಾಡ್ರಿ: ಬುರುಗು ಬರತೈತಿ, ಎರಡರ ಶಕ್ತೀನೂ ಹೋಗತೈತಿ.

ಪ್ರಶ್ನೆ (ಹಾವೇರಿ): ಬಿಸಲಿಗೆ ಇಟ್ರ ಆಗೂದಿಲ್ಲೇನ್ರಿ? ಫ್ರಿಜ್ಜಿನ ಫ್ರೀಜರಿನ್ಯಾಗ ಇಡ್ರಿ ಅಂತಾರ, ಖರೇ ಏನ್ರಿ?

ಉತ್ತರ (ಶೂ ರಿಪೇರಿ): ಇನ್‌ಸೋಲ್, ಲೇಸ್ ಬಿಸಲಿಗೆ ಇಡ್ರಿ, ಛಲೋ. ಇಡೀ ಶೂ ಬ್ಯಾಡಗಿ ಮೆಣಸಿನಕಾಯಿ ಒಣಗಸಿದಂಗ ಮಧ್ಯಾಹ್ನದ ಬಿಸಲಾಗ ಬಿಡಬ್ಯಾಡ್ರಿ, ಅಂಟು ಸಡಲಾಗಿ ಸೋಲ್ ಬಾಯಿ ಬಿಡತೈತಿ. ನೆರಳು, ಗಾಳಿ ಸಾಕು. ಫ್ರೀಜರಿನ್ಯಾಗ ಬ್ಯಾಕ್ಟೀರಿಯಾ ಸಾಯೂದಿಲ್ಲ, ಮಲಕೊಂತಾವು, ಕಾಲು ಬೆಚ್ಚಗಾದ ಕೂಡಲೆ ಏಳತಾವು.

ಪ್ರಶ್ನೆ (ಧಾರವಾಡ, ಮೊದಲಿನವರ): ಅವನ ಕಾಲಿಗೂ ವಾಸನಿ ಐತ್ರಿ, ಅಂಗಾಲಿನ್ಯಾಗ ಸಣ್ಣ ಸಣ್ಣ ತೂತು ಕಾಣತಾವು.

ಉತ್ತರ (ಚರ್ಮರೋಗ ವೈದ್ಯರು, ಗದಗ): ಗುಂಡುಪಿನ್ನಿನಿಂದ ಚುಚ್ಚಿದ ಹಾಗೆ ಗುಳಿಗಳಿದ್ದರೆ ಅದು ಪಿಟೆಡ್ ಕೆರಟೋಲೈಸಿಸ್ ಎಂಬ ಚರ್ಮದ ತೊಂದರೆ ಇರಬಹುದು. ಅದೂ ಬ್ಯಾಕ್ಟೀರಿಯಾದಿಂದಲೇ ಬರುವುದು. ಹಚ್ಚುವ ಔಷಧಿಯಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ, ಆದರೆ ಒಮ್ಮೆ ತೋರಿಸಿಯೇ ತಗೊಳ್ರಿ. ಬೆರಳಿನ ಸಂದಿಯಲ್ಲಿ ಬೆಳ್ಳಗೆ ಸಿಪ್ಪೆ ಏಳುತ್ತಿದ್ದು ತುರಿಕೆ ಇದ್ದರೆ ಅದು ಶಿಲೀಂಧ್ರ ಇರಬಹುದು, ಅದಕ್ಕೆ ಮುಲಾಮು ಬೇರೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅಂಗಾಲಿನ ಬಿರುಕನ್ನು ಒಂದು ದಿನವೂ ಉದಾಸೀನ ಮಾಡಬ್ಯಾಡ್ರಿ.

ಕಾಲು ತೊಳೆದ ಮೇಲೆ ಬೆರಳಿನ ಸಂದಿ ಒರೆಸಿಕೊಳ್ಳಲೇಬೇಕು. ಸಾಕ್ಸ್ ದಿನಕ್ಕೊಂದು ಜೊತೆ ಬದಲಾಯಿಸಿ, ಒಳಗಡೆ ಹೊರಗೆ ತಿರುವಿ ತೊಳೀರಿ. ಚಹಾದಲ್ಲಿ ಕಾಲು ನೆನೆಸುವುದರಿಂದ ಕೆಲವರಿಗೆ ಬೆವರು ಕಮ್ಮಿಯಾಗುತ್ತದೆ: ಎರಡು ಟೀ ಬ್ಯಾಗ್ ಅರ್ಧ ಲೀಟರ್ ನೀರಿನಲ್ಲಿ 15 ನಿಮಿಷ ಕುದಿಸಿ, ಎರಡು ಲೀಟರ್ ತಣ್ಣೀರು ಸೇರಿಸಿ, ಅದರಲ್ಲಿ 20 ನಿಮಿಷ ಕಾಲು ಇಡಿ. ಹಾಲು ಸಕ್ಕರೆ ಬೇಡ.

ಉತ್ತರ (ಶೂ ರಿಪೇರಿ): ಡಾಕ್ಟರ್ ಔಷಧ ಕೊಟ್ಟಾಗ ಇನ್‌ಸೋಲೂ ಹೊಸಾದು ಹಾಕ್ರಿ, ಇಲ್ಲಾಂದ್ರ ಹಳೇದ್ರಾಗಿಂದ ಮತ್ತ ಹತ್ತತೈತಿ. ಇನ್‌ಸೋಲಿಗೆ ಹೆಬ್ಬೆರಳಲೆ ಒತ್ತಿದ ಗುಳಿ ಮ್ಯಾಲೆ ಏಳದಿದ್ರ ಅದರ ಕಾಲ ಮುಗೀತು. ಸಾಧ್ಯ ಆದ್ರ ಇನ್ನೊಂದ ಜೋಡಿ ಶೂ ಇಡ್ರಿ, ಒಂದಿನ ಅದು, ಒಂದಿನ ಇದು. ಮಳಿಗಾಲದಾಗ ಒಂದ ಜೋಡಿ ಪೂರ್ತಿ ಒಣಗಾಕ 24ರಿಂದ 48 ತಾಸು ಬೇಕ್ರಿ.