ಟ್ರೇಲರ್‌ನ ನೀರೆಲ್ಲ ಬಸಿದರೆ ಸಾಕಾ, ಪಿಂಕ್ ಹಾಕಲೇಬೇಕಾ?

ತುಂಗಾತೀರ, ರಾಚೆಸ್ಟರ್, ಮಿನ್ನೆಸೋಟ

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಹಳೆಯ 22 ಅಡಿಯ ಕ್ಯಾಂಪಿಂಗ್ ಟ್ರೇಲರ್ (ಒಳಗೇ ಅಡುಗೆಮನೆ, ಬಚ್ಚಲು ಇರುವಂಥದ್ದು) ಒಂದನ್ನು ಕೊಂಡೆವು. ಮಗಳನ್ನು ಕರೆದುಕೊಂಡು ಗೂಸ್‌ಬೆರಿ ಫಾಲ್ಸ್ ಕಡೆ ಎರಡು ಸಲ ಹೋಗಿ ಬಂದಾಯಿತು. ಈಗ ಗಾಡಿ ಮನೆ ಪಕ್ಕದಲ್ಲಿ ನಿಂತಿದೆ. ನಿನ್ನೆ ರಾತ್ರಿ 30 ಡಿಗ್ರಿ ಫ್ಯಾರನ್‌ಹೀಟ್ ಇತ್ತು (ನೀರು ಹೆಪ್ಪುಗಟ್ಟೋದು 32ಕ್ಕೆ), ಗುರುವಾರ 19ಕ್ಕೆ ಇಳಿಯುತ್ತದಂತೆ. ನಮಗಿದು ಮೊದಲ ಚಳಿಗಾಲ.

ಕುಡಿಯುವ ನೀರಿನ ಟ್ಯಾಂಕ್ ಖಾಲಿ ಮಾಡಿದ್ದೇನೆ. ಗಾಡಿ ಅಡಿಯಲ್ಲಿರುವ ಎರಡು ಡ್ರೈನ್ ಪೈಪ್‌ಗಳ ಮುಚ್ಚಳ ತೆಗೆದು ರಾತ್ರಿಯಿಡೀ ಬಿಟ್ಟಿದ್ದೆ. ಒಳಗೆ ಯಾವ ನಲ್ಲಿ ತಿರುಗಿಸಿದರೂ ಈಗ ಒಂದು ಹನಿ ಬರುತ್ತಿಲ್ಲ. ಇಷ್ಟು ಸಾಲದೇ? ಚಳಿಗೆ ಪೈಪು ಒಡೆಯದಂತೆ ಹಾಕುವ ಗುಲಾಬಿ ದ್ರವ, ಅಂಗಡಿಯಲ್ಲಿ ಸಿಗುವ ಆ ಪಿಂಕ್ ಆಂಟಿಫ್ರೀಜ್ ಹಾಕಲೇಬೇಕಾ? ಮಗಳಿಗೆ ನಾಲ್ಕು ವರ್ಷ, ಅವಳು ಹಲ್ಲುಜ್ಜುವ ನಲ್ಲಿಗೆ ಅದನ್ನು ಹರಿಸೋಕೆ ಮನಸ್ಸು ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹಳೇ ಗಾಡಿ, ಡುಲುತ್

ತುಂಗಾತೀರ ಅವರೇ, ಸಾಲದು. ನನಗೂ ಮೊದಲ ವರ್ಷ ಸಾಕು ಅನ್ನಿಸಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಲ್ಲಿಯಲ್ಲಿ ಹನಿ ಬರಲಿಲ್ಲ ಅಂದರೆ ಪೈಪಿನಲ್ಲಿ ನೀರಿಲ್ಲ ಅಂತಲ್ಲ. ಪಂಪಿನ ತಲೆಯೊಳಗೆ, ಅದರ ಮುಂದಿನ ಜಾಲರಿ ಬಟ್ಟಲಿನಲ್ಲಿ, ಪೈಪು ತಗ್ಗಾಗಿ ಜೋತುಬಿದ್ದ ಕಡೆ, ಟಾಯ್ಲೆಟ್‌ನ ವಾಲ್ವಿನಲ್ಲಿ ನೀರು ನಿಂತೇ ಇರುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಈಗಿನ ಪ್ಲಾಸ್ಟಿಕ್ ಪೈಪು ಅಷ್ಟಿಷ್ಟು ಹಿಗ್ಗಿ ತಾಳಿಕೊಳ್ಳಬಹುದು. ತಿರುವಿನಲ್ಲಿ ಅದನ್ನು ಜೋಡಿಸುವ ಎಲ್ಬೋ ತುಂಡು, ವಾಲ್ವು, ಪಂಪು ತಾಳುವುದಿಲ್ಲ.

ನನ್ನ ಗಾಡಿಯಲ್ಲಿ ಒಡೆದದ್ದು ಹೊರಗಡೆಯ ಶವರ್ ಹಿಂದಿನ ಎಲ್ಬೋ. ಮಣ್ಣುಗಾಲು ತೊಳೆಯೋಕೆ ಗಾಡಿಯ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲೊಳಗೆ ಇರುತ್ತದಲ್ಲ, ಅದೇ. ನಾನು ಅದನ್ನು ಬಳಸಿಯೇ ಇರಲಿಲ್ಲ, ಹಾಗಾಗಿ ನೆನಪಿಗೂ ಬರಲಿಲ್ಲ. ಏಪ್ರಿಲ್‌ನಲ್ಲಿ ನೀರು ತುಂಬಿಸಿದೆ. ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪು ಆಗಾಗ ಟಕಟಕ ಅಂತಿತ್ತು. ನಾನು ಗಮನ ಕೊಡಲಿಲ್ಲ. ಮೂರನೇ ದಿನ ಮಂಚದ ಕೆಳಗಿನ ಹಲಗೆ ಒತ್ತಿದರೆ ಬೆರಳು ಒಳಗೇ ಹೋಯಿತು, ನೆನೆದ ಅವಲಕ್ಕಿ ಹಾಗೆ. ಕೂದಲೆಳೆಯಂಥ ಬಿರುಕು, ಅದರಿಂದ ಒಸರಿದ ನೀರು. ಎಲ್ಬೋಗೆ ಕೆಲವೇ ಡಾಲರ್, ನೆಲದ ಹಲಗೆ ಬಿಚ್ಚಿ ಹೊಸದು ಕೂರಿಸೋಕೆ ಎರಡು ವಾರಾಂತ್ಯ ಹೋಯಿತು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ.

ಮೊದಲು ಬಿಸಿನೀರಿನ ಹೀಟರ್. ಅದು ನಮ್ಮೂರ ಬಚ್ಚಲ ಹಂಡೆ ಇದ್ದಂತೆ, ನಲ್ಲಿ ಒಣಗಿದರೂ ಅದರ ಹೊಟ್ಟೆಯಲ್ಲಿ ನೀರಿರುತ್ತದೆ. ಕರೆಂಟು, ಗ್ಯಾಸು ಎರಡೂ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ. ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೇ ಹೊರಗಿನ ತಿರುಪು ಬಿಚ್ಚಿ. ಬಿಸಿ ಇದ್ದಾಗ ಬಿಚ್ಚಿದರೆ ಕೈ ಮುಖ ಸುಟ್ಟೀತು, ದಯವಿಟ್ಟು ಆತುರ ಬೇಡ. ನೀರಿನ ಜತೆ ಸುಣ್ಣದ ಬಿಳಿ ಚಕ್ಕೆಗಳು ಬೀಳುತ್ತವೆ, ಗಾಬರಿಯಾಗಬೇಡಿ.

ಹೀಟರ್ ಹಿಂದೆ ಬೈಪಾಸ್ ವಾಲ್ವುಗಳಿರುತ್ತವೆ, ನೀರು ಹೀಟರ್ ಒಳಗೆ ಹೋಗದೆ ಪಕ್ಕದಿಂದಲೇ ಹಾಯುವಂತೆ ಮಾಡೋಕೆ. ನನ್ನದರಲ್ಲಿ ಮೂರು. ಹಿಡಿ ಪೈಪಿಗೆ ನೇರವಾಗಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ. ಹೋಗುವ, ಬರುವ ಎರಡನ್ನೂ ಮುಚ್ಚಿ ನಡುವಿನದನ್ನು ತೆರೆಯಿರಿ. ಇಲ್ಲದಿದ್ದರೆ ಆರು ಗ್ಯಾಲನ್ ಪಿಂಕ್ ಸುಮ್ನೆ ಹೀಟರ್ ಹೊಟ್ಟೆಗೆ ಹೋಗುತ್ತದೆ. ಬೈಪಾಸ್ ಮಾಡಿದರೆ ನಿಮ್ಮದರಂಥ ಗಾಡಿಗೆ ಎರಡು ಮೂರು ಗ್ಯಾಲನ್ ಸಾಕು. ನೀರಿನ ಫಿಲ್ಟರ್ ಇದ್ದರೆ ಅದನ್ನೂ ಬಿಚ್ಚಿಟ್ಟುಬಿಡಿ.

ಆಮೇಲೆ ಕೆಳಗಿನ ಡ್ರೈನ್‌ಗಳನ್ನು ಮುಚ್ಚಿ. ಪಂಪಿನ ಬಳಿ ಪುಟ್ಟ ಟ್ಯೂಬು ಇರುತ್ತದೆ, ಅದನ್ನು ಪಿಂಕ್ ಕ್ಯಾನಿನೊಳಗೆ ಇಳಿಸಿ, ವಾಲ್ವು ಆ ಕಡೆ ತಿರುಗಿಸಿ ಪಂಪು ಹಾಕಿ. ಹತ್ತಿರದ ನಲ್ಲಿಯಿಂದ ಶುರು. ಬಿಸಿ ಕಡೆ, ತಣ್ಣೀರ ಕಡೆ ಬೇರೆ ಬೇರೆಯಾಗಿ ತೆರೆಯಿರಿ. ಮೊದಲು ಕೆಮ್ಮಿದಂತೆ ಗಾಳಿ, ಆಮೇಲೆ ತೆಳು ಗುಲಾಬಿ ನೀರು, ಆಮೇಲೆ ಗಾಢ ಬಣ್ಣ ಬರುತ್ತದೆ. ಗಾಢ ಬರುವ ತನಕ ನಲ್ಲಿ ಮುಚ್ಚಬೇಡಿ. ಅಡುಗೆಮನೆ, ಬೇಸಿನ್, ಶವರ್, ಟಾಯ್ಲೆಟ್, ಕೊನೆಗೆ ಹೊರಗಿನ ಶವರ್. ಸಿಂಕುಗಳ ಕೆಳಗಿನ ಬಾಗು ಪೈಪಿಗೂ ಒಂದೊಂದು ಲೋಟ ಸುರಿಯಿರಿ.

ಇನ್ನು ಮಗಳ ವಿಷಯ. ಈ ಪಿಂಕ್‌ನಲ್ಲಿ ಸಾಮಾನ್ಯವಾಗಿ ಇರೋದು ಪ್ರೊಪಿಲೀನ್ ಗ್ಲೈಕಾಲ್, ಅದು ಅಷ್ಟು ಅಪಾಯದ್ದಲ್ಲ. ಕಾರಿನ ರೇಡಿಯೇಟರ್‌ಗೆ ಸಾಮಾನ್ಯವಾಗಿ ಹಾಕೋದು ಎಥಿಲೀನ್ ಗ್ಲೈಕಾಲ್, ಅದು ವಿಷ. ಕಾರಿನದನ್ನು ಯಾವ ಕಾರಣಕ್ಕೂ ಇದಕ್ಕೆ ಹಾಕಬೇಡಿ. ಕ್ಯಾನಿನ ಮೇಲೆ ಆರ್‌ವಿಗೆ (ಅಂದರೆ ನಮ್ಮಂಥ ಪ್ರವಾಸದ ಗಾಡಿಗೆ) ಅಂತ ಬರೆದದ್ದನ್ನು ಓದಿಯೇ ಕೊಳ್ಳಿ. ಅದರ ಮೇಲೆ ಬರೆದಿರುವ ಮೈನಸ್ 50 (ಫ್ಯಾರನ್‌ಹೀಟ್) ಅಂದರೆ ಅಲ್ಲಿಯ ತನಕ ಪೈಪು ಒಡೆಯಲು ಬಿಡುವುದಿಲ್ಲ ಅಂತ ಅರ್ಥ. ಅದಕ್ಕಿಂತ ಎಷ್ಟೋ ಮೊದಲೇ ಪಾಯಸದ ಹಾಗೆ ಗಟ್ಟಿಯಾಗುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ನೀರು ಬೆರೆತರೆ ಬಲ ಕಡಿಮೆಯಾಗುತ್ತದೆ. ನೀವು ಮೊದಲೇ ಬಸಿದದ್ದು ಒಳ್ಳೆಯದೇ ಆಯಿತು.

ಬೆಟ್ಟದೂರು, ಕೊಲರಾಡೊ

ಸರ್ ಹೇಳಿದ್ದೆಲ್ಲ ಸರಿ. ನಾನು ಪಿಂಕ್ ಬದಲು ಕಂಪ್ರೆಸರ್‌ನಿಂದ ಗಾಳಿ ಊದಿಸುತ್ತೇನೆ. ಒತ್ತಡ 40 ಪಿಎಸ್‌ಐ ದಾಟಬಾರದು, ಜಾಸ್ತಿ ಕೊಟ್ಟರೆ ಗಾಳಿಯೇ ಜಾಯಿಂಟ್ ಕೀಳುತ್ತದೆ. ಒಂದೊಂದೇ ನಲ್ಲಿ ತೆರೆಯಬೇಕು, ಎರಡು ಮೂರು ಸುತ್ತು ಮಾಡಬೇಕು. ಹಾಗೆ ಮಾಡಿದರೂ ಬಾಗು ಪೈಪುಗಳಿಗೆ ಪಿಂಕ್ ಬೇಕೇ ಬೇಕು. ಮೊದಲ ವರ್ಷ ಅಲ್ವಾ, ನೀವು ಪಿಂಕ್ ಹಾಕುವುದೇ ವಾಸಿ. ಬಣ್ಣ ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣಲ್ಲ.

ಇನ್ನೊಂದು, ಹೊರಗಿನಿಂದ ಹೋಸ್ ಸಿಕ್ಕಿಸುವ ಜಾಗ. ಅಲ್ಲಿನ ಚೆಕ್ ವಾಲ್ವಿನ (ಒಂದೇ ಕಡೆಗೆ ನೀರು ಬಿಡುವ ವಾಲ್ವು) ಹಿಂದೆಯೂ ನೀರು ನಿಲ್ಲುತ್ತದೆ. ಪಂಪು ಆಫ್ ಮಾಡಿ, ಒಂದು ನಲ್ಲಿ ತೆರೆದು ಒತ್ತಡ ಇಳಿಸಿ. ಪುಟ್ಟ ಜಾಲರಿ ತೆಗೆದು, ನಡುವಿನ ಕಡ್ಡಿಯನ್ನು ಮೆಲ್ಲಗೆ ಒತ್ತಿ. ಅಲ್ಲೂ ಪಿಂಕ್ ಬರಬೇಕು.

ತುಂಗಾತೀರ, ರಾಚೆಸ್ಟರ್, ಮಿನ್ನೆಸೋಟ

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಮಧ್ಯಾಹ್ನ ಮುಗಿಸಿದೆ, ಮೂರು ಕ್ಯಾನ್ ಹಿಡಿಯಿತು. ಹೊರಗಿನ ಶವರ್ ನಮ್ಮ ಗಾಡಿಯಲ್ಲೂ ಇದೆ! ಅದರಿಂದ ಸುಮಾರು ಹೊತ್ತು ಬರೀ ನೀರೇ ಬಂತು, ಆಮೇಲೆ ಪಿಂಕ್. ರಾತ್ರಿಯಿಡೀ ಬಸಿದ ಮೇಲೂ ಅಷ್ಟು ನೀರು ಅಲ್ಲೇ ಕೂತಿತ್ತು. ಮಗಳು ಪಕ್ಕದಲ್ಲಿ ನಿಂತು "ಪಿಂಕ್ ಬಂತು ಅಪ್ಪಾ" ಅಂತ ಒಂದೊಂದು ನಲ್ಲಿಗೂ ಕೂಗುತ್ತಿದ್ದಳು. ವಸಂತದಲ್ಲಿ ಇದನ್ನು ತೊಳೆಯೋದು ಹೇಗೆ?

ಹಳೇ ಗಾಡಿ, ಡುಲುತ್

ಓದಿ ಖುಷಿಯಾಯಿತು. ಮೊದಲು ಬಣ್ಣ, ನೊರೆ ಹೋಗುವ ತನಕ ಒಳ್ಳೆಯ ನೀರು ಹರಿಸಿ. ಬೈಪಾಸ್ ತಿರುಗಿಸಿ ಹೀಟರ್‌ಗೂ ನೀರು ತುಂಬಿಸಿ. ಆಮೇಲೆ 15 ಗ್ಯಾಲನ್ ಟ್ಯಾಂಕಿಗೆ ಕಾಲು ಕಪ್ ವಾಸನೆಯಿಲ್ಲದ ಬ್ಲೀಚ್ ಬೆರೆಸಿ, ಪ್ರತಿ ನಲ್ಲಿಗೂ ಹರಿಸಿ, ಕೆಲವು ಗಂಟೆ ಬಿಟ್ಟು, ಘಾಟು ಹೋಗುವ ತನಕ ತೊಳೆಯಿರಿ. ಇವತ್ತೇ ಒಂದು ಕೆಲಸ ಮಾಡಿ: ಹೀಟರ್ ಸ್ವಿಚ್ ಮೇಲೆ ಟೇಪ್ ಅಂಟಿಸಿ "ನೀರಿಲ್ಲ" ಅಂತ ಬರೆದಿಡಿ. ಖಾಲಿ ಹೀಟರ್‌ಗೆ ಕರೆಂಟು ಕೊಟ್ಟರೆ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.